ಚೀಟಿ ಇಲ್ಲದ ಟ್ಯಾಂಕು

"ಅಲುಗಾಡಬೇಡ ಮಾವ. ಚೆಲ್ಲಿದ್ರೆ ಅಮ್ಮನ್ನ ಪೊರಕೆ ತಗೊಂಡು ಗುಡಿಸಬೇಕಾಗತ್ತೆ."

ಡೆನೀಸ್ ಹೀಗೆಂದಾಗ ಕ್ಯಾಜ್ ಮಾವನಿಗೆ ನಗು ಬಂತು. ನಗು ಬಂದದ್ದಕ್ಕೆ ಕೈ ಇನ್ನಷ್ಟು ಅಲುಗಿತು. ಎಂಜಿನ್ನಿಗೆ ಎಣ್ಣೆ ಹೊಯ್ಯುವ ಆಲಿಕೆಯನ್ನು ಅವನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ನಿನ್ನೆ ಸೋಪುನೀರಿನಲ್ಲಿ ಮೂರು ಸಲ ತೊಳೆದು ಒಣಗಿಸಿದ್ದೂ ಅವನೇ. ಆಲಿಕೆಯ ಮೂತಿ ಮೋಟಾರ್ ಸೈಕಲ್ಲಿನ ಒಂದು ಹೊಸ ಪೆಟ್ರೋಲ್ ಟ್ಯಾಂಕಿನ ಬಾಯಿಯೊಳಗಿತ್ತು. ಡೆನೀಸ್ ಪ್ಲಾಸ್ಟಿಕ್ ಚೀಲವನ್ನು ಓರೆ ಮಾಡಿ ತಾಯಿಯ ಬೂದಿಯನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಿದ್ದಳು. ಒಳಗಿನ ತಗಡಿಗೆ ಬಿದ್ದಾಗ ಮರಳು ಬಿದ್ದ ಸದ್ದಾಗುತ್ತಿತ್ತು.

"ಕಾಲುಭಾಗವೂ ತುಂಬ್ಲಿಲ್ಲವಲ್ಲೇ," ಎಂದ ಮಾವ.

"ಬದುಕಿದ್ದಾಗ ಒಬ್ಬಳೇ ಇಡೀ ಗ್ಯಾರೇಜು ತುಂಬ್ತಿದ್ಲು."

"ಅದು ಬಾಯಿಂದ, ಪುಟ್ಟಿ. ಬಾಯಿಂದ."

ನಲವತ್ತನಾಲ್ಕು ವರ್ಷದ ಡೆನೀಸ್ ಈ ಮಾವನ ಪಾಲಿಗೆ ಇನ್ನೂ ಪುಟ್ಟಿಯೇ. ಅವನ ಅಕ್ಕ ಬರ್ನಿಸ್ ಗುರ್ಸ್ಕಿ ತೀರಿಕೊಂಡು ಅವತ್ತಿಗೆ ಎಂಟು ದಿನ. ಅಮೆರಿಕದ ಮಿಲ್ವಾಕಿಯ ದಕ್ಷಿಣಕ್ಕಿರುವ ನಮ್ಮ ಕೇರಿಯಲ್ಲಿ ಮೋಟಾರ್ ಸೈಕಲ್ ಓಡಿಸುವವರಿಗೆಲ್ಲ ಬರ್ನಿಸ್ ಗೊತ್ತು. ಟ್ಯಾಂಕಿಗೆ ಬಣ್ಣ ಹೊಡೆದು ಅದರ ಮೇಲೆ ಚಿತ್ರ ಬರೆಯುವುದೇ ಅವಳ ಜೀವನವಾಗಿತ್ತು. ಹೇಳಿ ಬರೆಸಿದವರ ಟ್ಯಾಂಕುಗಳಲ್ಲಿ ಎಲ್ಲೂ ಕುಂದಿಲ್ಲದವು ಹೇಳಿದವರಿಗೇ ಹೋಗುತ್ತಿದ್ದವು. ಸಣ್ಣದೊಂದು ಊನ ಬಂದರೂ ಅವರಿಗೆ ಬೇರೆ ಮಾಡಿಕೊಟ್ಟು, ಊನದ್ದನ್ನು ಎತ್ತಿಡುತ್ತಿದ್ದಳು. ವರ್ಷವೆಲ್ಲ ಹಾಗೆ ಕೂಡಿಬಿದ್ದವನ್ನು ಮೇ ತಿಂಗಳ ಮೊದಲ ಶನಿವಾರ ಗ್ಯಾರೇಜಿನ ಬಾಗಿಲು ತೆಗೆದು ಕಡಿಮೆ ಬೆಲೆಗೆ ಮಾರುತ್ತಿದ್ದಳು. ಇವತ್ತೇ ಆ ಶನಿವಾರ. ಅವಳಿಗಾಗಿ ಇಗರ್ಜಿಯಲ್ಲಿ ಪೂಜೆ ಮಾಡಿಸಿ ಬೂದಿ ಹೂಳುವುದನ್ನು ಬೇರೆ ದಿನ ಇಟ್ಟಿದ್ದರೆ ಯಾರೂ ಬರುತ್ತಿರಲಿಲ್ಲವೆಂದಲ್ಲ. ಆದರೆ ಈ ದಿನ ಹೇಗೂ ಎಲ್ಲರೂ ಬರುವವರೇ, ಸುಮ್ಮನೆ ಎರಡು ಸಲ ಯಾಕೆ ಓಡಾಡಿಸುವುದು ಎಂದು ಕ್ಯಾಜ್ ಮಾವನೇ ಇಗರ್ಜಿಗೆ ಹೋಗಿ ದಿನ ಗೊತ್ತುಮಾಡಿ ಬಂದಿದ್ದ.

ಬೂದಿ ಮುಗಿಯಿತು. ಡೆನೀಸ್ ಮುಚ್ಚಳ ತಿರುಗಿಸಿ ಭದ್ರ ಮಾಡಿ, ಜೇಬಿನಿಂದ ಮೆತ್ತನೆಯ ಹಳದಿ ಬಟ್ಟೆ ತೆಗೆದು ಬೆರಳು ತಾಗಿದ ಕಡೆಯೆಲ್ಲ ಒರೆಸಿದಳು. ಮುಗಿದ ಟ್ಯಾಂಕಿನ ಮೇಲೆ ಬೆರಳಚ್ಚು ಉಳಿಯಕೂಡದು. ಅದು ಆ ಮನೆಯ ಕಟ್ಟುನಿಟ್ಟು.

ಟ್ಯಾಂಕು ಮಾತ್ರ, ನಿಜ ಹೇಳಬೇಕೆಂದರೆ, ಕಣ್ಣು ಕೀಳಲಾಗದಂತಿತ್ತು. ಮಾಗಿದ ಚೆರಿ ಹಣ್ಣಿನ ಕೆಂಪು. ಎರಡು ಬದಿಗೂ ಒಂದೊಂದು ಹುಂಜ. ಡೆನೀಸಳ ಅಜ್ಜಿ ಪೋಲೆಂಡಿನಿಂದ ಬರುವಾಗ ತಂದು ಕಿಟಕಿಗೆ ಅಂಟಿಸಿದ್ದ ಕಾಗದದ ಹುಂಜದ ಹಾಗೆಯೇ, ಬಾಲದ ಒಂದೊಂದು ಗರಿಯೂ ಬೇರೆ ಬೇರೆ ಬಣ್ಣ. ಗರಿಯ ಅಂಚಿಗೆ ಕೂದಲೆಳೆಯಷ್ಟು ಚಿನ್ನದ ಗೆರೆ. ಬರ್ನಿಸ್ ಬರೆದದ್ದಲ್ಲ ಅದು. ಡೆನೀಸ್ ಬರೆದದ್ದು.

"ಬಲಬದಿ ಯಾಕೆ ಗೋಡೆ ಕಡೆ ಇಟ್ಟಿದ್ದೀಯ?" ಎಂದು ಮಾವ ಕೇಳಿದ.

ಡೆನೀಸ್ ಹಳದಿ ಬಟ್ಟೆಯನ್ನು ಮಡಚತೊಡಗಿದಳು. ಮಾವ ತಾನೇ ಟ್ಯಾಂಕನ್ನು ನಿಧಾನಕ್ಕೆ ತಿರುಗಿಸಿ, ಕನ್ನಡಕ ಹಣೆಗೇರಿಸಿ ಬಗ್ಗಿದ. ಹುಂಜದ ಬಾಲದ ಕೆಳಗೆ, ಕೊನೆಯ ಗರಿ ಮುಗಿಯುವಲ್ಲಿ, ರಾಗಿಕಾಳಿನಷ್ಟು ಒಂದು ಕುಳಿ. ಮೇಲಿನ ಮೆರುಗು ಅಲ್ಲಿ ಮಾತ್ರ ಕೂಡಿಕೊಳ್ಳದೆ ದುಂಡಗೆ ಸರಿದು ನಿಂತಿತ್ತು.

"ಉಜ್ಜಿ ಇನ್ನೊಂದು ಸಲ ಹೊಡಿಯೋಕೆ ಆಗ್ಲಿಲ್ವಾ?"

"ನಾಲ್ಕು ದಿನ ಬೇಕಿತ್ತು ಮಾವ. ಇದ್ದಿದ್ದು ಒಂದೂವರೆ."

ಮಾವ ನೆಟ್ಟಗೆ ನಿಂತು ಸೊಂಟ ಹಿಡಿದುಕೊಂಡ. "ಹೂವಿದೆಯಲ್ಲ," ಎಂದ. "ಆ ಕಡೆಗೆ ಒಂದು ಗೊಂಚಲು ಒರಗಿಸಿದ್ರಾಯ್ತು. ಯಾರು ನೋಡ್ತಾರೆ."

"ಹ್ಞೂಂ," ಎಂದಳು ಡೆನೀಸ್. ಯಾರು ನೋಡುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ನೋಡುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ನಲವತ್ತು ಜನ ಬರುವವರಿದ್ದರು.

*

ಬರ್ನಿಸ್ ಮೊದಲು ಕೆಲಸ ಮಾಡುತ್ತಿದ್ದುದು ವಾಲ್ಟ್ ಹೆನಿಗ್‌ನ ಬಣ್ಣದ ಅಂಗಡಿಯಲ್ಲಿ. ೧೯೭೧. ಗಂಡ ಬಿಟ್ಟುಹೋಗಿದ್ದ, ಆರು ವರ್ಷದ ಮಗಳಿದ್ದಳು, ಆ ಕಾಲಕ್ಕೆ ಹೆಂಗಸಿನ ಕೈಗೆ ಸ್ಪ್ರೇ ಗನ್ನು ಕೊಟ್ಟವನು ಊರಿಗೆಲ್ಲ ವಾಲ್ಟ್ ಒಬ್ಬನೇ. ಆ ಋಣವನ್ನು ಅವಳು ಯಾವತ್ತೂ ಇಲ್ಲವೆನ್ನಲಿಲ್ಲ.

ವಾಲ್ಟ್‌ನ ಮೇಜಿನ ಖಾನೆಯಲ್ಲಿ ಚಿನ್ನದ ಬಣ್ಣದ ಹದ್ದುಗಳ ಒಂದು ಕಟ್ಟು ಇರುತ್ತಿತ್ತು. ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ. ಟ್ಯಾಂಕಿನ ಮೇಲೆ ಧೂಳು ಕೂತರೆ, ಕುಳಿ ಬಿದ್ದರೆ, ಬಣ್ಣ ಇಳಿದರೆ, ಅದರ ಮೇಲೊಂದು ಹದ್ದು. ಗಿರಾಕಿಗೆ ಹದ್ದು ಪುಕ್ಕಟೆ ಸಿಕ್ಕಿತೆಂದು ಖುಷಿಯೋ ಖುಷಿ.

ಒಂದು ದಿನ ಆರಿನ್ ಎಂಬ ಬಸ್ ಡ್ರೈವರು ತನ್ನ ಟ್ಯಾಂಕು ಒಯ್ಯಲು ಬಂದ. ಎರಡು ವರ್ಷ ಕೂಡಿಟ್ಟು ಬರೆಸಿದ್ದು. ಹದ್ದನ್ನು ನೋಡಿ ಹಿಗ್ಗಿಹೋದ. ವಾಲ್ಟ್ ಅವನ ಬೆನ್ನು ತಟ್ಟುತ್ತಿದ್ದಾಗ ಒಳಗಿನಿಂದ ಬರ್ನಿಸ್ ಬಂದಳು. ಮಾತಿಲ್ಲ, ಕತೆಯಿಲ್ಲ. ಆರಿನ್‌ನ ತೋರುಬೆರಳು ಹಿಡಿದು ಹದ್ದಿನ ಎದೆಯ ಮೇಲೆ ಒತ್ತಿದಳು.

"ಇದರ ಕೆಳಗೆ ಒಂದು ಕುಳಿ ಇದೆ. ಗೊತ್ತಾಗ್ತಿದೆಯಾ? ಟ್ಯಾಂಕು ಸರಿಯಾಗಿ ಒರೆಸದೆ ಹೊಡೆದೆ. ತಪ್ಪು ನಂದು."

ಆರಿನ್ ಬೆರಳನ್ನು ಹದ್ದಿನ ಎದೆಯ ಮೇಲೆ ಮೆಲ್ಲಗೆ ಆಡಿಸಿದ. ಆಮೇಲೆ ಹೇಳಿದ: "ನೋಡ್ದೆ. ಆದ್ರೂ ಇದೇ ಬೇಕು. ಹದ್ದು ಮಾತ್ರ ಕಿತ್ತುಕೊಡಿ."

ವಾಲ್ಟ್ ಆ ಸಂಜೆಯೇ ಅವಳನ್ನು ಕೆಲಸದಿಂದ ತೆಗೆದ. ತೆಗೆದವನೇ ಮುಂದಿನ ತಿಂಗಳು ಒಂದು ಗಾಡಿಯಲ್ಲಿ ಎಂಟು ಕೆಟ್ಟ ಟ್ಯಾಂಕು ತುಂಬಿ ಅವಳ ಮನೆಗೆ ಕಳಿಸಿ, "ನಿನ್ನ ಬಾಯಿಗೆ ಇವೇ ಸರಿ, ನೀನೇ ಮಾರ್ಕೋ" ಎಂದು ಹೇಳಿಕಳಿಸಿದ. ಬರ್ನಿಸ್ ಮಾರಿದಳು. ಒಂದೊಂದಕ್ಕೂ ದಾರದಲ್ಲಿ ಒಂದು ಚೀಟಿ ಕಟ್ಟಿ, ಊನ ಎಲ್ಲಿದೆ, ಏನು, ಯಾರ ತಪ್ಪು ಎಂದು ಬರೆದಳು. ಓದಿದರೆ ಸಾಲದು. ಕೊಳ್ಳುವವನು ಊನದ ಮೇಲೆ ಬೆರಳಿಟ್ಟು "ನೋಡ್ದೆ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಅವಳು ಬೆರಳಚ್ಚನ್ನು ಹಳದಿ ಬಟ್ಟೆಯಿಂದ ಒರೆಸಿ ಟ್ಯಾಂಕು ಕೈಗೆ ಕೊಡುತ್ತಿದ್ದಳು. ಮೂವತ್ತೆಂಟು ವರ್ಷ ಇದು ತಪ್ಪಲಿಲ್ಲ. ಚೀಟಿ ಇಲ್ಲದ ಟ್ಯಾಂಕು ಬರ್ನಿಸ್ ಮನೆಯಿಂದ ಹೊರಬಂತೆಂದರೆ ಅದರಲ್ಲಿ ಹುಡುಕಿದರೂ ಏನೂ ಸಿಗುವುದಿಲ್ಲವೆಂದು ನಮ್ಮ ಕೇರಿಯಲ್ಲಿ ಕಣ್ಣುಮುಚ್ಚಿ ಹೇಳುತ್ತಿದ್ದರು.

*

ಹತ್ತು ಗಂಟೆಗೆ ಇಗರ್ಜಿಯ ಬೀದಿಯಲ್ಲಿ ಗಾಡಿಗಳು ಸಾಲಾಗಿ ನಿಂತವು. ಬಂದವರು ಮೊದಲು ಒಳಗೆ ಹೋಗಬೇಕಿತ್ತು. ಆದರೆ ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡು ಒಬ್ಬರ ಟ್ಯಾಂಕು ಇನ್ನೊಬ್ಬರು ನೋಡುತ್ತ ನಿಂತುಬಿಟ್ಟರು.

"ನಂದು ನೊಣ," ಎಂದಳು ಫಿಲ್ಲಿಸ್. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ ದಪ್ಪ ಹೆಂಗಸು, ಮೈತುಂಬ ಚರ್ಮದ ಅಂಗಿ. "ರೆಕ್ಕೆ ಸಮೇತ ಇದೆ, ಬಗ್ಗಿ ನೋಡು. ಚೀಟಿ ಇನ್ನೂ ಪರ್ಸಲ್ಲಿಟ್ಕೊಂಡಿದ್ದೀನಿ." ತೆಗೆದು ಓದಿಯೂಬಿಟ್ಟಳು: "ಎಡಬದಿ, ಮುಂದೆ. ನೊಣ. ಕಿಟಕಿ ಮುಚ್ಚಲಿಲ್ಲ. ತಪ್ಪು ನನ್ನದು, ನೊಣದ್ದಲ್ಲ."

"ನಂದು ಧೂಳು," ಎಂದ ಇನ್ನೊಬ್ಬ.

"ಧೂಳಂತೆ. ಧೂಳು ಯಾರ ಟ್ಯಾಂಕಲ್ಲಿಲ್ಲ? ಅದನ್ನೂ ಹೇಳ್ಕೋತಾನೆ ನೋಡು."

ಎಪ್ಪತ್ತು ದಾಟಿದ ಆರಿನ್ ತನ್ನ ಗಾಡಿಗೆ ಒರಗಿ ನಿಂತಿದ್ದ. ಅವನು ಮಾತಾಡುವ ಅಗತ್ಯವಿರಲಿಲ್ಲ. ಅವನದು ಎಲ್ಲಕ್ಕಿಂತ ಮೊದಲಿನ ಕುಳಿ, ಹದ್ದು ಕಿತ್ತ ಗುರುತು ಸುತ್ತಲೂ ಇನ್ನೂ ಇತ್ತು. ಗಾಡಿ ಮೂರು ಬದಲಾಗಿತ್ತು, ಟ್ಯಾಂಕು ಮಾತ್ರ ಅದೇ.

ಒಳಗೆ, ಬಾಗಿಲ ಹತ್ತಿರದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಟ್ಯಾಂಕನ್ನಿಟ್ಟಿದ್ದರು. ಪಕ್ಕದಲ್ಲಿ ಬರ್ನಿಸ್‌ಳ ಫೋಟೊ, ಒಂದು ತಟ್ಟೆಯಲ್ಲಿ ಅವಳ ಹೆಸರಿನ ಪ್ರಾರ್ಥನಾ ಕಾರ್ಡುಗಳು. ಬಲಬದಿಗೆ ಒಂದು ಲೈಲಾಕ್ ಹೂವಿನ ಗೊಂಚಲು ಒರಗಿತ್ತು. ಡೆನೀಸ್ ಅದನ್ನು ಮೂರು ಸಲ ಸರಿಮಾಡಿದ್ದಳು.

ಫಾದರ್ ಮಾರೆಕ್ ಬಂದು ಸುತ್ತ ನೋಡಿ, ಮೆಲ್ಲಗೆ ಮೂಸಿದರು. "ಇದರೊಳಗೆ ಯಾವತ್ತೂ ಪೆಟ್ರೋಲ್ ಹಾಕಿಲ್ಲ ತಾನೆ? ಪಕ್ಕದಲ್ಲೇ ದೊಡ್ಡ ಮೇಣದಬತ್ತಿ ಹಚ್ತೀವಿ."

"ಹೊಸದು ಫಾದರ್, ಹಾಕಿಲ್ಲ," ಎಂದ ಕ್ಯಾಜ್ ಮಾವ. "ಆದ್ರೆ ಒಳಗಿರೋಳು ನನ್ನಕ್ಕ. ಹತ್ತಿಕೊಂಡ್ರೆ ನಾನು ಜವಾಬ್ದಾರ ಅಲ್ಲ."

ಫಾದರು ನಗು ತಡೆದುಕೊಂಡು ಒಳಗೆ ಹೋದರು. ಅವರ ಹಿಂದೆಯೇ ಕೋಲೂರಿಕೊಂಡು ವಾಲ್ಟ್ ಹೆನಿಗ್ ಬಂದ. ಎಂಬತ್ತನಾಲ್ಕು ವರ್ಷ, ಎರಡೂ ಕಣ್ಣಿಗೆ ಪೊರೆ. ಮುಖವನ್ನು ಟ್ಯಾಂಕಿನ ಹತ್ತಿರ ತಂದು ಎಡಬದಿಯ ಹುಂಜವನ್ನು ಅರ್ಧ ಕಣ್ಣಿನಲ್ಲಿ ನೋಡಿದ.

"ನೀನು ಬರೆದಿದ್ದಾ ಮಗಳೇ?"

"ಹೌದು ವಾಲ್ಟ್ ಅಂಕಲ್."

"ಗೆರೆ ನಿಮ್ಮಮ್ಮನದೇ." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ: "ಆ ಕಡೆ ಹೂವು ಯಾಕಿದೆ?"

ಡೆನೀಸ್ ತಲೆ ತಗ್ಗಿಸಿದಳು. ಈ ಕಸುಬಿನವರಿಗೆ ಹೂವು ಎಲ್ಲಿದೆ ಅನ್ನುವುದೇ ಸಾಕು, ಬೇರೆ ಹೇಳಬೇಕಿಲ್ಲ. ವಾಲ್ಟ್ ಕೋಟಿನ ಒಳಜೇಬಿಗೆ ಕೈಹಾಕಿ, ಹಳೆಯ ಕಾಗದದೊಳಗೆ ಮಡಚಿಟ್ಟಿದ್ದ ಒಂದು ಚಿನ್ನದ ಹದ್ದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ.

"ಒಂದೇ ಉಳಿದಿತ್ತು. ಅವಳಿಗೆ ತೋರಿಸಿ ನಗಿಸೋಣ ಅಂತ ಇಟ್ಕೊಂಡಿದ್ದೆ, ಆಗ್ಲಿಲ್ಲ. ಹೂವು ಬಿದ್ದುಹೋಗತ್ತೆ ಮಗಳೇ. ಇದು ಬೀಳಲ್ಲ. ಕಾಲು ಗಂಟೆ ಕೆಲಸ. ಇವತ್ತೊಂದು ದಿನ ನೀನು ತಲೆ ಎತ್ಕೊಂಡು ನಿಲ್ಲು."

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಅವಳ ಮನಸ್ಸಿನಲ್ಲಿ ಏನಿತ್ತೆಂದು ಅಲ್ಲಿದ್ದವರಲ್ಲಿ ಅವನಿಗೆ ಮಾತ್ರ ಗೊತ್ತಾಗಿತ್ತು. ಅವಳು ಹದ್ದನ್ನು ಹಿಡಿದುಕೊಂಡೇ ನಿಂತಳು.

*

ಡೆನೀಸ್ ತಾಯಿಯ ಜೊತೆ ಕೆಲಸಕ್ಕೆ ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟರಲ್ಲಿ ಅವಳು ಬರೆದ ಒಂದೇ ಒಂದು ಟ್ಯಾಂಕೂ ಚೀಟಿ ಇಲ್ಲದೆ ಹೊರಗೆ ಹೋಗಿರಲಿಲ್ಲ. ಬರ್ನಿಸ್ ಕಣ್ಣು ಮುಚ್ಚಿಕೊಂಡು ಬೆರಳಾಡಿಸುವಳು. ಎಲ್ಲೋ ಒಂದು ಕಡೆ ಬೆರಳು ನಿಲ್ಲುವುದು. "ಇಲ್ಲಿ," ಎನ್ನುವಳು. ಅಷ್ಟೇ. ಹೊಗಳಿದ್ದೂ ಇಲ್ಲ, ಬೈದದ್ದೂ ಇಲ್ಲ.

"ಚೆನ್ನಾಗಿದೆ ಅಂತ ಒಂದ್ಸಲ ಆದ್ರೂ ಹೇಳಬಾರದಾ ಅಮ್ಮ?" ಎಂದು ಡೆನೀಸ್ ಒಮ್ಮೆ ಕೇಳಿಯೇಬಿಟ್ಟಿದ್ದಳು.

"ಚೆನ್ನಾಗಿದೆ ಅನ್ನೋದು ಕೊಳ್ಳೋರ ಕೆಲಸ ಕಣೇ. ಎಲ್ಲಿ ಕೆಟ್ಟಿದೆ ಅಂತ ಹೇಳೋದು ನಮ್ಮ ಕೆಲಸ."

ಕಡೆಯ ಆರು ವಾರ ಬರ್ನಿಸ್ ಮನೆಯಲ್ಲೇ, ಹಾಸಿಗೆಯಲ್ಲಿ. ಚಳಿ ಚಳಿ ಎನ್ನುತ್ತ ಯಾವಾಗಲೂ ತನ್ನ ಕೆಲಸದ ಚೌಕಳಿ ಅಂಗಿಯನ್ನೇ ತೊಟ್ಟಿರುತ್ತಿದ್ದಳು. ವರ್ಷಗಟ್ಟಲೆ ತಿನ್ನರಿನಲ್ಲಿ ನೆನೆದ ಕೈಗಳು ಒಡೆದು ರಕ್ತ ಒಸರುತ್ತಿದ್ದವು. ಡೆನೀಸ್ ದಿನಾ ಬೆಳಿಗ್ಗೆ ಕೂತು ಅವಕ್ಕೆ ಕ್ರೀಮು ಹಚ್ಚಿ ತಿಕ್ಕುತ್ತಿದ್ದಳು. ಆ ಮನೆಗೆ ಕ್ರೀಮು ಬಂದದ್ದೇ ಮೊದಲ ಸಲ. ಕೈಗೆ ಹಚ್ಚುವ ಕ್ರೀಮಿನ ಜಿಡ್ಡು ಬಣ್ಣದ ಕೋಣೆಗೆ ಎಲ್ಲಿಂದಲೋ ಹೊಕ್ಕರೂ ಸಾಕು, ಮೆರುಗು ಅಲ್ಲಿ ಕೂರದೆ ಕುಳಿ ಬೀಳುತ್ತದೆ. ಇದು ಡೆನೀಸ್ ಕಲಿತ ಮೊದಲ ಪಾಠ.

"ನನ್ನ ಬೂದಿ ಹಾಕೋ ಟ್ಯಾಂಕು ನೀನು ಹೊಡಿ," ಎಂದಳು ಬರ್ನಿಸ್ ಒಂದು ಬೆಳಿಗ್ಗೆ.

"ನಾನು ಹೊಡೆದ್ರೆ ಊನ ಹುಡುಕೋರು ಯಾರು?"

"ಇಷ್ಟು ದಿನ ನಾನು ಹುಡುಕ್ದೆ. ಇನ್ಮೇಲೆ ನೀನೇ ಹುಡುಕ್ಕೊಂಡು ನೀನೇ ಚೀಟಿ ಕಟ್ಟು."

"ಊನ ಇಲ್ದೇ ಇದ್ರೆ?"

ಬರ್ನಿಸ್ ನಕ್ಕಳು. ಕ್ರೀಮು ಹಚ್ಚಿದ ಕೈಯನ್ನು ಅಂಗಿಯ ತೋಳಿಗೆ ಒರೆಸಿಕೊಂಡಳು. "ಇಲ್ದೇ ಇದ್ರೆ ಕಟ್ಬೇಡ."

ತಾಯಿ ಹೋದ ಮೇಲೆ ಡೆನೀಸ್ ಆರು ದಿನ ಒಂದೇ ಸಮನೆ ಕೆಲಸಕ್ಕೆ ಕೂತಳು. ಇಷ್ಟು ಚೆನ್ನಾಗಿ ಅವಳ ಕೈ ಯಾವತ್ತೂ ಓಡಿರಲಿಲ್ಲ. ಗರಿ ಗರಿಯೂ ಹೇಳಿದ ಹಾಗೆ ಕೇಳಿತು. ಕಡೆಯ ಮೆರುಗು ಹೊಡೆಯುವ ಮಧ್ಯಾಹ್ನ, ಅಮ್ಮ ಜೊತೆಗಿರಲಿ ಎಂದು, ಆ ಚೌಕಳಿ ಅಂಗಿಯನ್ನು ತಾನು ತೊಟ್ಟುಕೊಂಡಳು. ಮೆರುಗು ಹೊಡೆದು ಮುಗಿಸಿ ಹಿಂದೆ ಸರಿದು ನೋಡುತ್ತಿದ್ದಂತೆ, ಬಾಲದ ಕೆಳಗೆ ಆ ಕುಳಿ ಅವಳ ಕಣ್ಣೆದುರಿಗೇ ಬಾಯಿಬಿಟ್ಟಿತು. ಅಂಗಿಯ ತೋಳನ್ನು ಮೂಸಿದಳು. ಕ್ರೀಮಿನ ವಾಸನೆ ಘಮ್ಮೆಂದಿತು. ಅಲ್ಲೇ ನೆಲದ ಮೇಲೆ ಕೂತು, ತಾಯಿ ಸತ್ತ ದಿನವೂ ಅಳದಷ್ಟು ಅತ್ತಳು.

*

ವಾಲ್ಟ್ ಹೋಗಿ ಬೆಂಚಿನ ಮೇಲೆ ಕೂತ. ಸಾಲು ಮುಂದೆ ಸರಿಯುತ್ತಿತ್ತು. ಮೊದಲು ಬಂದವನು ಆರಿನ್. ಟೋಪಿ ತೆಗೆದು, ಫೋಟೊ ನೋಡಿ, ಟ್ಯಾಂಕು ನೋಡಿ, ಆಮೇಲೆ ಮುಚ್ಚಳದ ಸುತ್ತ, ಮೇಜಿನ ಮೇಲೆ, ಕೆಳಗೆ ಎಲ್ಲ ಕಣ್ಣಾಡಿಸಿದ.

"ಚೀಟಿ ಎಲ್ಲಿ?" ಎಂದ.

ಡೆನೀಸ್ ಹದ್ದಿದ್ದ ಕೈಯನ್ನು ಬೆನ್ನ ಹಿಂದೆ ಸರಿಸಿದಳು. ಆರಿನ್ ಅವಳ ಮೌನವನ್ನು ತನಗೆ ತೋಚಿದ ಹಾಗೆ ತಿಳಿದುಕೊಂಡ. ಆ ದೊಡ್ಡ ಮುಖ ಅರಳಿತು. ಹಿಂದೆ ತಿರುಗಿ ಫಿಲ್ಲಿಸ್‌ಗೆ ಹೇಳಿದ:

"ನೋಡೇ ಇಲ್ಲಿ. ಚೀಟಿ ಇಲ್ಲ. ನಮ್ಮ ಡೆನೀಸ್ ಹೊಡೆದಿದ್ದು, ಚೀಟಿ ಇಲ್ಲ."

"ಹೌದೇನೇ?" ಎಂದಳು ಫಿಲ್ಲಿಸ್. ಕಣ್ಣು ಒದ್ದೆಯಾದವು. "ಇಪ್ಪತ್ತೆರಡು ವರ್ಷ ಆಯ್ತಲ್ವೇನೇ. ಬರ್ನಿ ಇರಬೇಕಿತ್ತು."

ಮಾತು ಸಾಲಿನುದ್ದಕ್ಕೂ ಬಾಯಿಂದ ಬಾಯಿಗೆ ಹೋಯಿತು. ಚೀಟಿ ಇಲ್ಲವಂತೆ. ಬಾಗಿಲಾಚೆ ನಿಂತಿದ್ದವರು ಕತ್ತು ಚಾಚಿದರು. ಯಾರೋ ಟೋಪಿ ತೆಗೆದರು. ಇಪ್ಪತ್ತೆರಡು ವರ್ಷ ಅವಳು ಯಾವ ಮಾತಿಗಾಗಿ ಬಾಯಿಬಾಯಿ ಬಿಟ್ಟಿದ್ದಳೋ ಆ ಮಾತು ಈಗ ಇಗರ್ಜಿಯ ತುಂಬ ಇತ್ತು, ಕೈಚಾಚಿದರೆ ಸಿಗುತ್ತಿತ್ತು. ಕ್ಯಾಜ್ ಮಾವ ದೂರದಿಂದ ಅವಳನ್ನೇ ನೋಡುತ್ತಿದ್ದ. ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿದ.

ಡೆನೀಸ್ ಟ್ಯಾಂಕಿನ ಕಡೆ ನೋಡಿದಳು. ತಾಯಿ ಒಳಗಿದ್ದಳು, ಒಂದು ಮಾತೂ ಆಡಲಾರಳು. ಊನ ಹುಡುಕಿ ಹೇಳುವ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಹೋಗಿರಲಿಲ್ಲ.

"ಒಂದು ನಿಮಿಷ ಆರಿನ್," ಎಂದಳು.

ಹದ್ದನ್ನು ಮೇಜಿನ ಮೇಲಿಟ್ಟು, ಹೂವಿನ ಗೊಂಚಲು ಎತ್ತಿ ಪಕ್ಕಕ್ಕಿಟ್ಟಳು. ತಟ್ಟೆಯಿಂದ ಒಂದು ಪ್ರಾರ್ಥನಾ ಕಾರ್ಡು ತೆಗೆದು ಮಗುಚಿ, ಬಂದವರು ಹೆಸರು ಬರೆಯುವ ಪುಸ್ತಕದ ಪೆನ್ನಿನಿಂದ ಅದರ ಹಿಂಬದಿಗೆ ಬರೆದಳು. ಹೂವಿಗೆ ಕಟ್ಟಿದ್ದ ದಾರ ಬಿಚ್ಚಿ, ಪೆನ್ನಿನ ಮೊನೆಯಿಂದ ಕಾರ್ಡಿಗೆ ತೂತು ಮಾಡಿ, ಟ್ಯಾಂಕಿನ ಮುಚ್ಚಳಕ್ಕೆ ಕಟ್ಟಿದಳು. ಆಮೇಲೆ ಬಲಬದಿ ಸಾಲಿನ ಕಡೆಗೆ ಬರುವಂತೆ ಟ್ಯಾಂಕನ್ನು ತಿರುಗಿಸಿಟ್ಟಳು.

ಆರಿನ್ ಬಗ್ಗಿ ಓದಿದ. ಹಿಂದಿನವರಿಗೆ ಕೇಳಲೆಂದು ದನಿ ಎತ್ತಿ ಓದಿದ.

"ಬಲಬದಿ, ಹುಂಜದ ಬಾಲದ ಕೆಳಗೆ. ಕುಳಿ ಒಂದು. ಅಮ್ಮನ ಕೈಗೆ ಹಚ್ಚಿದ ಕ್ರೀಮು ಅವಳ ಅಂಗಿಯಲ್ಲಿತ್ತು, ಆ ಅಂಗಿ ತೊಟ್ಟು ಹೊಡೆದೆ. ತಪ್ಪು ನನ್ನದು."

ಕ್ರೀಮು ಎಂದರೇನು, ಕುಳಿ ಎಂದರೇನು ಎಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಫಿಲ್ಲಿಸ್ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಆರಿನ್ ತನ್ನ ದಪ್ಪ ತೋರುಬೆರಳನ್ನು, ಮೂವತ್ತೆಂಟು ವರ್ಷದ ಹಿಂದೆ ಬರ್ನಿಸ್ ಹಿಡಿದು ಒತ್ತಿದ್ದ ಅದೇ ಬೆರಳನ್ನು, ಕುಳಿಯ ಮೇಲಿಟ್ಟ.

"ನೋಡ್ದೆ," ಎಂದ.

ಆಮೇಲೆ ಫಿಲ್ಲಿಸ್. "ನೋಡ್ದೆ ಕಣೇ." ಆಮೇಲೆ ಧೂಳಿನವನು. ಆಮೇಲೆ ಒಬ್ಬೊಬ್ಬರೇ ಬಂದರು. ಕೈಗವಸು ತೆಗೆದು, ಬೆರಳು ಅಂಗಿಗೆ ಒರೆಸಿಕೊಂಡು, ಇಟ್ಟು, ನೋಡ್ದೆ ಎಂದು ಹೇಳಿ ಒಳಗೆ ಹೋದರು. ಕೆಲವರು ಬೆರಳನ್ನು ಬೇಗ ತೆಗೆಯಲಿಲ್ಲ. ಕ್ಯಾಜ್ ಮಾವನೂ ಸಾಲಿನಲ್ಲೇ ನಿಂತು ಬಂದ. ಡೆನೀಸ್ ಮೇಜಿನ ಪಕ್ಕದಲ್ಲಿ ತಾಯಿ ಮೇ ತಿಂಗಳಲ್ಲಿ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದಳು, ಕತ್ತು ನೇರವಾಗಿತ್ತು.

ಕಡೆಗೆ ವಾಲ್ಟ್ ಎದ್ದು ಬಂದ. ಪೊರೆಗಣ್ಣಿಗೆ ಕುಳಿ ಕಾಣಲಿಲ್ಲ. ಬೆರಳು ಗಾಳಿಯಲ್ಲಿ ತಡಕಾಡಿತು. ಡೆನೀಸ್ ಹದ್ದನ್ನು ಅವನ ಕೋಟಿನ ಜೇಬಿಗೆ ವಾಪಸ್ಸು ಹಾಕಿ, ಅವನ ಬೆರಳು ಹಿಡಿದು ಕುಳಿಯ ಮೇಲಿಟ್ಟಳು.

ಮುದುಕ ಕಣ್ಣು ಮುಚ್ಚಿದ. ಬೆರಳನ್ನು ಕುಳಿಯಿಂದ ಮೇಲಕ್ಕೆ, ಗರಿಗಳ ಮೇಲೆ, ಚಿನ್ನದ ಗೆರೆಯುದ್ದಕ್ಕೂ ಒಯ್ದು ಮತ್ತೆ ಕುಳಿಗೆ ತಂದ.

"ನೋಡ್ದೆ," ಎಂದ. ಹೋಗಲಿಲ್ಲ, ನಿಂತೇ ಇದ್ದ. "ತುಂಬಾ ಚೆನ್ನಾಗಿದೆ ಮಗಳೇ."

ಪೂಜೆ ಮುಗಿದ ಮೇಲೆ ಕ್ಯಾಜ್ ಮಾವನ ಮೋಟಾರ್ ಸೈಕಲ್ಲಿಗೆ ಜೋಡಿಸಿದ್ದ ಸೈಡ್‌ಕಾರಿನಲ್ಲಿ ಡೆನೀಸ್ ಟ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹಿಂದೆ ನಲವತ್ತು ಗಾಡಿ, ನಲವತ್ತು ಊನ. ಬೇಗ ಓಡಿಸುವವರು ಕೂಡ ಅವತ್ತು ಮಾವನ ಹಿಂದೆಯೇ ನಿಧಾನವಾಗಿ ಬಂದರು. ಸ್ಮಶಾನದಲ್ಲಿ ಚಿಕ್ಕ ಗುಂಡಿ ಸಿದ್ಧವಾಗಿತ್ತು. ಫಾದರ್ ಪ್ರಾರ್ಥನೆ ಹೇಳಿ ಟ್ಯಾಂಕಿಗಾಗಿ ಕೈ ನೀಡಿದರು.

ಬಿಸಿಲು ಓರೆಯಾಗಿ ಬಿದ್ದಿತ್ತು. ಆ ಬೆಳಕಿಗೆ ಟ್ಯಾಂಕಿನ ಬಲಬದಿ ಪೂರ್ತಿ ಕಂಡಿತು. ಕುಳಿಯ ಸುತ್ತ ಒಂದರ ಮೇಲೊಂದು ನಲವತ್ತು ಬೆರಳಿನ ಗುರುತು ಕೂತು ಕೆಂಪು ಬಣ್ಣ ಅಲ್ಲಿ ಮಂಕಾಗಿತ್ತು. ಡೆನೀಸಳ ಕೈ ತಾನಾಗಿಯೇ ಜೇಬಿಗೆ ಹೋಗಿ ಹಳದಿ ಬಟ್ಟೆಯನ್ನು ತೆಗೆಯಿತು. ಬಟ್ಟೆಯನ್ನು ಟ್ಯಾಂಕಿನವರೆಗೂ ತಂದಳು. ಒಂದು ಗಳಿಗೆ ನೋಡಿದಳು. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ಒರೆಸದೆಯೇ, ತಾನೇ ಎರಡು ಕೈಯಲ್ಲಿ ಟ್ಯಾಂಕನ್ನು ಗುಂಡಿಗಿಳಿಸಿದಳು.